ಮೂಕಪ್ಪನ ಫೌಜಿ ಬಂದೂಕು

ದೇವದುರ್ಗದ ಮೂಕಪ್ಪ ಹೆಸರಿಗಷ್ಟೇ ಮೂಕಪ್ಪ. ಅವನು ಮನೆಯೊಳಗೆ ಕೂತು ಮಾತಾಡಿದರೆ ಓಣಿಯ ತುದಿಯ ಹಿಟ್ಟಿನ ಗಿರಣಿಯವನು ಅಲ್ಲಿಂದಲೇ ಹೂಂ ಅನ್ನುತ್ತಿದ್ದ. ಮಾತು ಎಲ್ಲಿಂದ ಶುರುವಾದರೂ ಕೊನೆಗೆ ಬಂದು ನಿಲ್ಲುತ್ತಿದ್ದದ್ದು ಪಡಸಾಲೆಯ ಗೋಡೆಗೆ ತೂಗುಹಾಕಿದ್ದ ಬಂದೂಕಿನ ಹತ್ತಿರ. ನಿಜಾಮನ ಕಾಲದಲ್ಲಿ ಅವನ ಅಪ್ಪ ರಾಯಚೂರಿನ ಖಜಾನೆಗೆ ಪಹರೆ ಕಾಯುತ್ತಿದ್ದ. ಪೊಲೀಸ್ ಆಕ್ಷನ್ ಆಗಿ ನಿಜಾಮನ ಆಳ್ವಿಕೆಯೊಂದಿಗೆ ಆ ಪಹರೆಯೂ ಮುಗಿದಾಗ, ಗುಂಡು ಹಾರದಂತೆ ನಳಿಗೆಗೆ ತೂತು ಕೊರೆದು, ಕಾಗದ ಮಾಡಿ, ಬಂದೂಕನ್ನು ಅವನ ಕೈಗೇ ಕೊಟ್ಟು ಕಳಿಸಿದ್ದರು. ಹಾರದಿದ್ದರೇನು, ಅದು ಫೌಜಿನದು, ವಿಲಾಯತಿನಲ್ಲಿ ಆದದ್ದು ಎಂಬುದು ಮೂಕಪ್ಪನ ಹೆಮ್ಮೆ.

ಅವನ ಸೊಸೆ ಗೋಪಮ್ಮ ಮಾನ್ವಿಯವಳು. ಅವಳ ಮುತ್ಯಾ, ಅಂದರೆ ಅಪ್ಪನ ಅಪ್ಪನೂ ಅದೇ ಖಜಾನೆಯ ಪಹರೆಯಲ್ಲಿದ್ದವನು. ಅವನೂ ಅಂಥದೇ ಬಂದೂಕು ಹೊತ್ತುಕೊಂಡು ಊರಿಗೆ ಬಂದಿದ್ದ. ಹಿರಿಯರ ಆ ಹಳೇ ಸ್ನೇಹ ನೆನೆಸಿಯೇ ಎರಡು ಮನೆಯವರು ಬೀಗರಾದರು. ಕೆಟ್ಟದ್ದೂ ಬಂದೂಕಿನಿಂದಲೇ.

ಮದುವೆ ಮಾನ್ವಿಯಲ್ಲಿ ಆಗಿತ್ತು. ಮೂಕಪ್ಪ ಬಂದೂಕನ್ನು ಹೆಗಲಿಗೇರಿಸಿಕೊಂಡೇ ದಿಬ್ಬಣದ ಮುಂದೆ ನಡೆದು ಬಂದಿದ್ದ. ಊಟವಾಗಿ ಎಲ್ಲರೂ ಎಲೆ ಅಡಿಕೆ ಹಾಕಿಕೊಂಡು ಕೂತಿದ್ದಾಗ ಗೋಪಮ್ಮನ ಅಪ್ಪ ಸೂಗಪ್ಪ ಅದನ್ನು ಕೈಗೆತ್ತಿಕೊಂಡು ಅದರ ಬೋಲ್ಟು ಜಗ್ಗಿ ನೋಡಿದ. ಬೋಲ್ಟು ಅಂದರೆ ಗುಂಡು ತುಂಬಲು ಹಿಂದೆ ಮುಂದೆ ಸರಿಸುವ, ಗುಂಡನೆಯ ಹಿಡಿಕೆ ಇರುವ ಕಬ್ಬಿಣ. ಹಿಂದಕ್ಕೆ ಬಂತು, ಮುಂದಕ್ಕೆ ಹೋಗುವಾಗ ಅರ್ಧಕ್ಕೆ ಕಚ್ಚಿಕೊಂಡು ನಿಂತಿತು. ಬಾಯಲ್ಲಿ ಎಲೆ ತುಂಬಿಕೊಂಡಿದ್ದ ಸೂಗಪ್ಪನಿಗೆ ನಾಲಿಗೆ ತಡೆಯಲಿಲ್ಲ.

"ಬೀಗರ, ಇದು ಫೌಜಿಂದಲ್ಲ ಬಿಡ್ರಿ. ಹೈದರಾಬಾದ್ ಬಜಾರಿನ್ಯಾಗ ಮೆರವಣಿಗಿಗಂತ ಮಾಡಿ ಮಾರ್ತಾರಲ್ಲ, ಆ ಪೈಕಿ."

ಹಂದರ ತುಂಬ ನಗೆ ಎದ್ದಿತು. ಮೂಕಪ್ಪ ನಗಲಿಲ್ಲ. ನೇರ ಒಳಗೆ ಹೋಗಿ ಸೂಗಪ್ಪನ ಮನೆಯ ಬಂದೂಕನ್ನು ಗೂಟದಿಂದ ಇಳಿಸಿಕೊಂಡು ಬಂದು ಎಲ್ಲರ ಮುಂದೆ ಜಗ್ಗಿದ. ಅದೂ ಅರ್ಧಕ್ಕೇ ಕಚ್ಚಿತು. ಈಗ ನಗುವ ಸರದಿ ದೇವದುರ್ಗದವರದು. ಮಾತಿಗೆ ಮಾತು ಬೆಳೆದು ಮೂಕಪ್ಪ ಮನೆದೇವರು ಸೂಗೂರೇಶನ ಆಣೆ ಇಟ್ಟುಬಿಟ್ಟ. ಮೂಕಪ್ಪನ ಬಂದೂಕು ಫೌಜಿನದು ಎಂದು ಸೂಗಪ್ಪ ತನ್ನ ಬಾಯಿಂದಲೇ ಅನ್ನುವವರೆಗೆ ಸೊಸೆ ತವರಿನ ಹೊಸ್ತಿಲು ತುಳಿಯಬಾರದು. ಸೂಗಪ್ಪನೂ ಸುಮ್ಮನಿರಲಿಲ್ಲ. ತನ್ನ ಬಂದೂಕಿಗೂ ಅದೇ ಮಾತನ್ನು ಬೀಗ ಮೊದಲು ಅನ್ನಲಿ, ಅಲ್ಲಿಯವರೆಗೆ ಮಗಳನ್ನು ಕರೆಯಲು ಈ ಮನೆಯ ಬೆಕ್ಕೂ ಬರುವುದಿಲ್ಲ ಎಂದ.

ಆಮೇಲೆ ಪಂಚಮಿಗಳು ಬಂದವು, ಹೋದವು. ಓಣಿಯ ಹೆಣ್ಣುಮಕ್ಕಳೆಲ್ಲ ಜೋಕಾಲಿ ಆಡಲು ತವರಿಗೆ ಹೋದಾಗ ಗೋಪಮ್ಮ ಬಾಗಿಲಲ್ಲಿ ನಿಂತು ಬಸ್ಸಿನ ಧೂಳು ನೋಡುತ್ತಿದ್ದಳು. ಅವಳು ಜಾಸ್ತಿ ಮಾತಿನವಳಲ್ಲ. ಮಾವನ ಎದುರಿಗಂತೂ ಸೊಸೆ ಬಾಯಿ ತೆರೆಯುವ ರೂಢಿಯೇ ಆ ಮನೆಯಲ್ಲಿರಲಿಲ್ಲ. ಏನಿದ್ದರೂ ಅತ್ತೆ ಅಮರಮ್ಮನಿಗೆ, ಇಲ್ಲವೇ ಗಂಡ ವೆಂಕೋಬನಿಗೆ. ಮಾತು ಕಡಿಮೆಯಾದ್ದರಿಂದಲೋ ಏನೋ ಅವಳ ಕಣ್ಣು ಎಲ್ಲವನ್ನೂ ಹಿಡಿಯುತ್ತಿತ್ತು. ಸಂಜೆ ಯಾರೂ ಇಲ್ಲದಾಗ ಮಾವ ಬಂದೂಕು ಇಳಿಸಿ, ಕುಸುಬೆ ಎಣ್ಣೆ ಬಿಟ್ಟು, ಬೋಲ್ಟನ್ನು ಅಂಗೈಯಿಂದ ತಳ್ಳಿ ತಳ್ಳಿ ನೋಡುವುದೂ, ಅದು ಮುಚ್ಚದೆ ಇದ್ದಾಗ ಅವನ ಮುಖ ಸಣ್ಣದಾಗುವುದೂ ಅವಳಿಗೆ ಗೊತ್ತಿತ್ತು.

ಎಪ್ಪತ್ತೆಂಟನೇ ಇಸವಿಯಲ್ಲಿ ಗೋಪಮ್ಮ ಬಸುರಿಯಾದಳು. ಮೊದಲ ಹೆರಿಗೆ ತವರಿನಲ್ಲೇ ಆಗಬೇಕು. ತವರಿನವರು ಕುಬಸ ತಂದು, ಮಡಿಲು ತುಂಬಿ, ಕರೆದುಕೊಂಡು ಹೋಗಬೇಕು. ಏಳು ತಿಂಗಳು ತುಂಬಿದರೂ ಮಾನ್ವಿಯಿಂದ ಯಾರೂ ಬರಲಿಲ್ಲ. ಅಮರಮ್ಮ ಎರಡು ಸಲ ಗಂಡನ ಹತ್ತಿರ ಮಾತು ತೆಗೆದಳು. ಹೆರಿಗೆ ಇಲ್ಲೇ ಆಗಲಿ, ನಮಗೇನು ನೀರು ಕಾಯಿಸಲು ಬರುವುದಿಲ್ಲವೇ ಎಂದ ಮೂಕಪ್ಪ. ಅವ್ವನ ಕೈಯ ಆರೈಕೆ ತನ್ನ ಹಣೆಯಲ್ಲಿಲ್ಲ ಅಂದುಕೊಂಡಳು ಗೋಪಮ್ಮ.

ಅಷ್ಟರಲ್ಲಿ ಮೂಕಪ್ಪನೇ ಒಂದು ದಾರಿ ಹುಡುಕಿದ. ರಾಯಚೂರಿನ ತೀನ್ ಕಂದೀಲು ಚೌಕದ ಹತ್ತಿರ ಗುಲಾಮ್ ದಸ್ತಗೀರ್ ಎಂಬ ಮುದುಕನಿದ್ದ. ಒಂದು ಕಾಲಕ್ಕೆ ಹೈದರಾಬಾದಿನ ಫೌಜಿನಲ್ಲಿ ಬಂದೂಕು ರಿಪೇರಿ ಮಾಡುತ್ತಿದ್ದವನು. ಹಳೇ ಬಂದೂಕು ಕೂಡಿಸುವ ಹವ್ಯಾಸದ ದೊಡ್ಡ ಮನುಷ್ಯರು ಹೈದರಾಬಾದಿನಿಂದ ಕಾರು ಕಳಿಸಿ ಅವನನ್ನು ಕರೆಸಿಕೊಳ್ಳುತ್ತಿದ್ದರು. ಯಾವುದು ಅಸಲು, ಯಾವುದು ನಕಲು, ಯಾವುದಕ್ಕೆ ಎಷ್ಟು ಬೆಲೆ ಎಂದು ಅವನು ಹೇಳಿದರೆ ಮುಗಿಯಿತು. ಅವನ ಬಾಯಿಂದ ಒಂದು ಮಾತು ಅನ್ನಿಸಿಕೊಂಡು ಬಂದು ಸೂಗಪ್ಪನ ಬಾಯಿ ಮುಚ್ಚಿಸುವುದು ಮೂಕಪ್ಪನ ಲೆಕ್ಕ. ಗೋಪಮ್ಮನನ್ನೂ ರಾಯಚೂರಿನ ಡಾಕ್ಟರಮ್ಮನಿಗೆ ತೋರಿಸುವುದಿತ್ತು. ಎರಡೂ ಕೆಲಸ ಒಂದೇ ಸಲ ಆಗಲಿ ಎಂದು ವೆಂಕೋಬನೂ ಸೇರಿ ಮೂವರೂ ಹೊರಟರು. ಬಂದೂಕಿಗೆ ಕೌದಿ ಸುತ್ತಿ, ಅದರ ಕಾಗದವನ್ನು ಅಂಗಿಯ ಒಳಜೇಬಿಗೆ ಇಟ್ಟುಕೊಂಡ ಮೂಕಪ್ಪ ಬಸ್ಸಿನಲ್ಲಿ ಅದಕ್ಕೆ ಕಿಟಕಿಯ ಪಕ್ಕದ ಸೀಟು ಕೊಟ್ಟ. ಬಸುರಿ ಸೊಸೆ ನಿಂತಿದ್ದು ಕಂಡು ಕಂಡಕ್ಟರ್, ಕೌದಿಯೊಳಗಿನ ಹಿರಿಯರಿಗೆ ಆರಾಮಿಲ್ಲವೇನು ಎಂದು ಕೇಳಿದ ಮೇಲೆ ಬಂದೂಕು ತೊಡೆಯ ಮೇಲೆ ಬಂತು.

ದಸ್ತಗೀರನ ಹೆಂಡತಿ ಬಡೇಬೀ ಗೋಪಮ್ಮನ ಹೊಟ್ಟೆ ನೋಡಿದವಳೇ ಅವಳನ್ನು ಒಳಗೆ ಕರೆದು, ಪರದೆಯ ಹಿಂದೆ ಚಾಪೆ ಹಾಸಿ ಕೂರಿಸಿ, ಚಹಾ ಕೊಟ್ಟಳು. ಪರದೆಯ ಸಂದಿನಿಂದ ಹೊರಗಿನ ಕೋಣೆ ಪೂರಾ ಕಾಣುತ್ತಿತ್ತು.

ಮೂಕಪ್ಪ ಕೌದಿ ಬಿಚ್ಚುತ್ತಲೇ ಅಪ್ಪನ ಕಥೆ ಶುರು ಮಾಡಿದ. ಖಜಾನೆ, ದರೋಡೆಕೋರರು, ಕತ್ತಲೆ. ದಸ್ತಗೀರ್ ಕೈ ಎತ್ತಿ ತಡೆದ.

"ಕತಿ ಎಲ್ಲರ ಹತ್ರನೂ ಅದಾವ ಮೂಕಪ್ಪಾ. ಬಂದೂಕು ಮಾತಾಡ್ಲಿ ತಡಿ."

ಆಮೇಲೆ ಅವನು ಮಾಡಿದ್ದನ್ನು ಗೋಪಮ್ಮ ಕಣ್ಣು ಮಿಟುಕಿಸದೆ ನೋಡಿದಳು. ಮೊದಲು ಬಂದೂಕನ್ನು ಎರಡೂ ಅಂಗೈ ಮೇಲೆ ಅಡ್ಡ ಇಟ್ಟುಕೊಂಡು, ಕಣ್ಣು ಮುಚ್ಚಿ, ಕೂಸನ್ನು ತೂಗಿದಂತೆ ತೂಗಿದ. ಹಿಂಬದಿಯ ಕಟ್ಟಿಗೆಯನ್ನು ಮೂಸಿದ, ಉಗುರಿನಿಂದ ಕೆರೆದ. ಅದು ಅಕ್ರೋಟಿನ ಕಟ್ಟಿಗೆ, ಬಜಾರಿನವರಾದರೆ ಸಾಗವಾನಿಗೆ ಬಣ್ಣ ಬಳಿದು ಕೂರಿಸುತ್ತಾರೆ ಎಂದ. ಸ್ಕ್ರೂಗಳ ತಲೆಯ ಮೇಲೆ ಬೆರಳಾಡಿಸಿದ. ಅವುಗಳ ಸೀಳು ಕೂದಲೆಳೆಯಂತೆ ನೇರವಾಗಿತ್ತು, ಕೈಯಿಂದ ಅರ ಹಾಕಿದ್ದರೆ ಸೊಟ್ಟ ಇರುತ್ತಿತ್ತು. ಬೋಲ್ಟಿನ ಪಕ್ಕದ ಲೋಹದ ಮೇಲೆ ಕಿರೀಟದ ಗುರುತು, ಅದರ ಕೆಳಗೆ ಕಾರ್ಖಾನೆಯ ಅಕ್ಷರ, ಇಸವಿ. ಕಿರೀಟ ಇದ್ದ ಮೇಲೆ ಇನ್ನೇನು ಎಂದು ಮೂಕಪ್ಪ ಎದೆ ಉಬ್ಬಿಸಿದರೆ, ಕಿರೀಟ ಯಾರು ಬೇಕಾದರೂ ಹೊಡೆಯಬಹುದು ಎಂದು ದಸ್ತಗೀರ್ ಅದನ್ನು ಬಿಟ್ಟು ಬಂದೂಕನ್ನು ಬೋರಲು ಮಾಡಿದ. ಕಟ್ಟಿಗೆಯ ಒಂದು ತುಂಡು ಬಿಚ್ಚಿ, ನಳಿಗೆಯ ಅಡಿಯನ್ನು ಕಿಟಕಿಯ ಬೆಳಕಿಗೆ ಹಿಡಿದ. ಅಲ್ಲಿ ಇರುವೆಯಷ್ಟು ಸಣ್ಣ, ಫೌಜಿನ ಬಾಣದ ಗುರುತುಗಳಿದ್ದವು.

"ನಕಲಿ ಮಾಡೋನು ಮಂದಿ ನೋಡೋ ಕಡೀ ಅಷ್ಟೇ ಗುರುತು ಹೊಡಿತಾನ. ಫೌಜಿನವ್ರು ಯಾರೂ ನೋಡದ ಕಡಿನೂ ಹೊಡೆದಿರ್ತಾರ."

ಮೂಕಪ್ಪನ ಮೀಸೆ ಅರಳಿತು. ವೆಂಕೋಬ ಪರದೆಯ ಕಡೆ ತಿರುಗಿ ಹೆಂಡತಿಗೆ ಕಾಣುವಂತೆ ನಕ್ಕ. ಆದರೆ ದಸ್ತಗೀರ್ ಇನ್ನೂ ಮುಗಿಸಿರಲಿಲ್ಲ. ಬೋಲ್ಟನ್ನು ಎಳೆದು ಹೊರಗೆ ತೆಗೆದು ಪಕ್ಕಕ್ಕಿಟ್ಟ. ಸುಣ್ಣದ ಬಳಪವನ್ನು ಬಂದೂಕಿನ ಮೈಮೇಲೂ ಬೋಲ್ಟಿನ ಹಿಡಿಕೆಯ ಬುಡಕ್ಕೂ ಉಜ್ಜಿ ಬಟ್ಟೆಯಿಂದ ಒರೆಸಿದ. ತಗ್ಗಿನಲ್ಲಿ ಬಿಳಿ ಉಳಿದು ಅಂಕಿಗಳು ಎದ್ದು ಕಂಡವು. ಅವನು ಎರಡನ್ನೂ ಓದಿ, ಕೆಳಗೆ ಹಾಸಿದ್ದ ಶಹಾಬಾದಿ ಕಲ್ಲಿನ ಮೇಲೆ ಬಳಪದಿಂದ ದೊಡ್ಡದಾಗಿ ಬರೆದ. ಬಂದೂಕಿನ ಮೈಮೇಲಿನದು 4417. ಬೋಲ್ಟಿನದು 4418.

"ಮೈ ಫೌಜಿಂದು. ಬೋಲ್ಟೂ ಫೌಜಿಂದೇ. ಆದ್ರ ಇದು ಅದರದ್ದಲ್ಲ," ಎಂದ ದಸ್ತಗೀರ್. "ಅದಕ್ಕ ಮುಚ್ಚಾಕತ್ತಿಲ್ಲ."

ಫೌಜಿನಲ್ಲಿ ಪ್ರತಿ ಬಂದೂಕಿಗೂ ಅದರದೇ ಬೋಲ್ಟನ್ನು ಅರ ಹಾಕಿ ಕೂರಿಸಿ ಎರಡಕ್ಕೂ ಒಂದೇ ನಂಬರು ಹೊಡೆಯುತ್ತಾರೆ ಎಂದು ಅವನು ಬಿಡಿಸಿ ಹೇಳಿದ. ನಂಬರು ಕೂಡಿದ್ದಕ್ಕೆ ಹೈದರಾಬಾದಿನ ಶೋಕಿಯವರು ಒಂದು ಜೋಡಿ ಎತ್ತಿನ ಬೆಲೆ ಕೊಟ್ಟಾರು. ಕೂಡದ್ದಕ್ಕೆ ಒಂದು ಕರುವಿನದೂ ಕೊಡುವುದಿಲ್ಲ.

ಮೂಕಪ್ಪನಿಗೆ ಬೆಲೆ ಬೇಕಿರಲಿಲ್ಲ. ಅವನ ಕಿವಿಯಲ್ಲಿ ಮಾನ್ವಿಯ ನಗೆ ಕೇಳುತ್ತಿತ್ತು. ಬಂದೂಕು ಒಂದರದು, ಬೋಲ್ಟು ಇನ್ನೊಂದರದು ಎಂದರೆ ಸೂಗಪ್ಪ ಊರೂರಿಗೆ ಡಂಗುರ ಹೊಡೆಸುತ್ತಾನೆ. ಬಹಳ ಹೊತ್ತು ಅವನು ನಿಜಕ್ಕೂ ಮೂಕನಾಗಿ ಕೂತ. ಕೊನೆಗೆ ಕೌದಿ ಸುತ್ತುತ್ತ ಮಗನಿಗೆ ಇಷ್ಟೇ ಹೇಳಿದ, ಈ ಮಾತು ಮಾನ್ವಿಯ ಗಾಳಿಗೂ ತಾಗಬಾರದು.

ಪರದೆಯ ಹಿಂದೆ ಗೋಪಮ್ಮ ಚಹಾದ ಬಸಿ ಕೆಳಗಿಟ್ಟು ಸಂದಿಗೆ ಬಗ್ಗಿದಳು. ಅವಳು ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟವಳು. ಆದರೆ ಕಲ್ಲಿನ ಮೇಲಿನ ಕೆಳಗಿನ ಸಾಲನ್ನು ಅವಳು ಶಾಲೆಗೆ ಹೋಗುವ ಮೊದಲೇ ಕಲಿತಿದ್ದಳು. ತವರಿನಲ್ಲಿ ಆಯುಧ ಪೂಜೆಯ ಮಾರನೇ ದಿನ ಮುತ್ಯಾ ಬಂದೂಕನ್ನು ಅವಳ ಮುಂದೆ ಇಡುತ್ತಿದ್ದ. ಅಂಕಿಯೊಳಗೆ ತುಂಬಿಕೊಂಡ ಅರಿಶಿಣ ಕುಂಕುಮವನ್ನು ಕಸಬರಿಗೆಯ ಕಡ್ಡಿಯಿಂದ ಬಿಡಿಸಿ ತೆಗೆಯುವುದು ಅವಳ ಕೆಲಸ. ಎರಡು ಬೋರಲು ಬಿದ್ದ ಕುರ್ಚಿ, ಒಂದು ಕೋಲು, ಒಂದರ ಮೇಲೊಂದು ಕೂತ ಎರಡು ಉಂಡಿ. ಹಾಗೆಂದು ಹಾಡು ಕಟ್ಟಿಕೊಂಡು ಬಿಡಿಸುತ್ತಿದ್ದಳು. ಮಾನ್ವಿಯ ಬಂದೂಕಿನ ಮೈಮೇಲೆ ಇದ್ದದ್ದು 4418.

ಅಂದರೆ ಈ ಬೋಲ್ಟು ಅಪ್ಪನ ಮನೆಯದು.

ಹೇಳಿದರೆ ಅಪ್ಪನ ಬಂದೂಕಿನ ಹುಳುಕೂ ಹೊರಬೀಳುತ್ತದೆ. ಹೇಳದಿದ್ದರೆ ಮಾವ ಆ ಕೌದಿಯನ್ನು ಮತ್ತೆ ಬಿಚ್ಚುವುದಿಲ್ಲ. ಆಣೆ ಹಾಗೇ ಇರುತ್ತದೆ, ಹೊಸ್ತಿಲೂ ಹಾಗೇ ಇರುತ್ತದೆ. ಹೊಟ್ಟೆಯೊಳಗಿನ ಕೂಸು ಒಂದು ಸಲ ಹೊರಳಿತು. ಗೋಪಮ್ಮ ಬಡೇಬೀಯ ಸೆರಗು ಹಿಡಿದು, ಅವಳ ಕಿವಿಯ ಹತ್ತಿರ ಬಾಯಿ ತಂದು, ಎಲ್ಲವನ್ನೂ ಹೇಳಿಬಿಟ್ಟಳು. ಬಡೇಬೀಗೆ ಇಂಥದ್ದನ್ನು ಬಾಯಲ್ಲಿ ಇಟ್ಟುಕೊಂಡು ಕೂರುವ ಅಭ್ಯಾಸ ಇರಲಿಲ್ಲ. ಪರದೆ ಸರಿಸಿ ಹೊರಗೆ ಹೋಗಿ ಗಂಡನಿಗೆ ದಖನಿ ಉರ್ದುವಿನಲ್ಲಿ ಒಂದೇ ಉಸಿರಿಗೆ ಒಪ್ಪಿಸಿದಳು.

ದಸ್ತಗೀರ್ ಎದ್ದೇ ನಿಂತ. ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡ. ಪರದೆಯ ಹತ್ತಿರ ಬಂದು, ಮಗಳೇ, ಆ ಅಂಕಿ ಖರೇನೇ ಹಾಗಿತ್ತೇ ಎಂದು ಕೇಳಿದ. ಗೋಪಮ್ಮ ಸಂದಿನಿಂದ ಕೈ ಚಾಚಿ ಬಳಪ ಇಸಿದುಕೊಂಡಳು. ಕುರ್ಚಿ, ಕುರ್ಚಿ, ಕೋಲು, ಉಂಡಿ ಎಂದು ಮನಸ್ಸಿನಲ್ಲೇ ಹಾಡುತ್ತ ಕಲ್ಲಿನ ಮೇಲೆ ಬರೆದಳು. ಬರೆದು ಮುಗಿಸಿದಾಗ ಮೂವರು ಗಂಡಸರ ನೆರಳೂ ಆ ಅಂಕಿಯ ಮೇಲೆ ಬಿದ್ದಿದ್ದವು.

ದಸ್ತಗೀರನಿಗೆ ಚಹಾ ಕುಡಿಯುವಷ್ಟೂ ತಾಳ್ಮೆ ಉಳಿಯಲಿಲ್ಲ. ಬೋಲ್ಟು ತಪ್ಪಿದ ಬಂದೂಕು ಅವನು ಬೇಕಾದಷ್ಟು ನೋಡಿದ್ದ, ತಪ್ಪಿದ ಬೋಲ್ಟು ಎಲ್ಲಿದೆ ಎಂದು ಗೊತ್ತಾದದ್ದು ಇದೇ ಮೊದಲು. ಅದೂ ಒಂದರ ಹಿಂದೊಂದು ನಂಬರಿನ ಎರಡು ಬಂದೂಕು. ಮೂಕಪ್ಪ ಮಾತ್ರ ಗೋಣು ಅಲ್ಲಾಡಿಸಿದ. ಸೂಗಪ್ಪನ ಬಾಗಿಲಿಗೆ ಹೋಗಿ ಬೋಲ್ಟು ಕೊಡು ಎಂದು ಕೈ ಒಡ್ಡುವುದು ತನ್ನಿಂದ ಆಗದು ಎಂದ. ಹಾಗಾದರೆ ಅವನ ಬೋಲ್ಟನ್ನು ಸಾಯುವವರೆಗೂ ಎಣ್ಣೆ ಹಚ್ಚಿ ಸಾಕಿಕೊಂಡಿರು ಎಂದ ದಸ್ತಗೀರ್. ಅದು ಮೂಕಪ್ಪನಿಗೆ ನಾಟಿತು. ತಾನು ಇಷ್ಟು ವರ್ಷ ಕುಸುಬೆ ಎಣ್ಣೆ ಕುಡಿಸಿದ್ದು ಸೂಗಪ್ಪನ ಕಬ್ಬಿಣಕ್ಕೆ ಎಂಬುದನ್ನು ಅವನಿಂದ ಸಹಿಸಲಾಗಲಿಲ್ಲ. ಡಾಕ್ಟರಮ್ಮನಿಗೆ ತೋರಿಸಿಕೊಂಡು, ಮಧ್ಯಾಹ್ನದ ಮಾನ್ವಿ ಬಸ್ಸಿಗೆ ಎಲ್ಲರೂ ಹತ್ತಿದರು. ದಸ್ತಗೀರನೂ ಬಂದ.

ಸೂಗಪ್ಪನ ಮನೆಯ ಮುಂದಿನ ಕಟ್ಟೆಯ ಮೇಲೆ ಪಂಚಾಯತಿ ನಡೆಯಿತು. ಮೂಕಪ್ಪ ಕಟ್ಟೆ ಹತ್ತಲಿಲ್ಲ. ಸೂಗಪ್ಪ ಇಳಿಯಲಿಲ್ಲ. ಗೋಪಮ್ಮ ಓಣಿಯಲ್ಲಿ ಬೇವಿನ ಮರದ ನೆರಳಿಗೆ ನಿಂತಳು. ಬಾಗಿಲ ಒಳಗೆ ಅವ್ವ ಸೆರಗು ಬಾಯಿಗೆ ಒತ್ತಿಕೊಂಡು ನಿಂತಿದ್ದಳು. ಇಬ್ಬರ ನಡುವೆ ಹತ್ತು ಹೆಜ್ಜೆಯೂ ಇರಲಿಲ್ಲ. ಸೂಗಪ್ಪ ಮಗಳ ಹೊಟ್ಟೆಯ ಕಡೆ ಒಂದು ಸಲ ನೋಡಿ ಮುಖ ತಿರುಗಿಸಿದ.

ದಸ್ತಗೀರ್ ಸೂಗಪ್ಪನ ಬಂದೂಕನ್ನು ತರಿಸಿ ಬಳಪ ಉಜ್ಜಿದ. ಮೈಮೇಲೆ 4418, ಬೋಲ್ಟಿನ ಮೇಲೆ 4417. ನೆರೆದಿದ್ದ ಓಣಿಯವರು ಬಗ್ಗಿ ಬಗ್ಗಿ ನೋಡಿದರು. ಹಾಗಾದರೆ ಕದ್ದವರು ಯಾರು ಎಂದು ಯಾರೋ ಕೇಳಿದರು. ಅಷ್ಟು ಸಾಕಾಯಿತು, ನಿನ್ನಪ್ಪ, ನಿನ್ನಪ್ಪ ಎಂದು ಬೀಗರಿಬ್ಬರೂ ಎದ್ದರು. ದಸ್ತಗೀರ್ ನಡುವೆ ನಿಂತು ಒಂದೇ ಪ್ರಶ್ನೆ ಕೇಳಿದ. ಖಜಾನೆಯ ಪಹರೆಯಲ್ಲಿ ಆಯುಧ ಪೂಜೆ ಮಾಡುತ್ತಿದ್ದರೋ ಇಲ್ಲವೋ?

ಮಾಡುತ್ತಿದ್ದರು. ಇಬ್ಬರೂ ಅಪ್ಪಂದಿರ ಬಾಯಲ್ಲಿ ಕೇಳಿದ್ದರು. ಬಂದೂಕುಗಳನ್ನೆಲ್ಲ ಬಿಚ್ಚಿ, ತೊಳೆದು, ಒಂದೇ ಕಂಬಳಿಯ ಮೇಲೆ ಬೋಲ್ಟುಗಳನ್ನು ಸಾಲಾಗಿ ಇಟ್ಟು, ಅರಿಶಿಣ ಕುಂಕುಮ ಬಳಿದು, ಕಾಯಿ ಒಡೆದು, ಹೋಳಿಗೆ ಉಂಡು, ಆಮೇಲೆ ಕೂಡಿಸುತ್ತಿದ್ದರು.

"ಬ್ಯಾರೆ ಕಡಿ ಲಡಾಯಿದಾಗ ಬೋಲ್ಟು ಅದಲು ಬದಲು ಆಗ್ತಾವ," ಎಂದ ದಸ್ತಗೀರ್. "ನಮ್ಮ ಕಡಿ ಕುಂಕುಮದಾಗ ನಂಬರ ಮುಚ್ಚಿಹೋಗಿ ಆಗ್ತಾವ. ಹೊಟ್ಟಿ ತುಂಬ ಹೋಳಿಗಿ ಉಂಡೋರು ಕಣ್ಣು ಬಿಟ್ಟು ನೋಡ್ತಾರೇನು?"

ಜನ ನಕ್ಕರು. ಬೀಗರಿಗೂ ನಗು ಬಂತು, ಇಬ್ಬರೂ ನುಂಗಿಕೊಂಡರು. ಯಾಕೆಂದರೆ ಇನ್ನೊಂದು ತೊಡಕು ಬಾಕಿ ಇತ್ತು. ಬೋಲ್ಟು ಮೊದಲು ಯಾರು ಕೊಡಬೇಕು? ಮೊದಲು ಕೊಟ್ಟವನು ತಗ್ಗಿದಂತೆ. ಮೂಕಪ್ಪ ತನ್ನದನ್ನು ಮುಷ್ಟಿಯಲ್ಲಿ ಹಿಡಿದು ನಿಂತ, ಸೂಗಪ್ಪ ತನ್ನದನ್ನು. ದಸ್ತಗೀರ್ ಕೇಳಿದ, ವೆಂಕೋಬ ಕೇಳಿದ, ಓಣಿಯ ಹಿರಿಯರು ಕೇಳಿದರು. ಇಬ್ಬರೂ ಅಲ್ಲಾಡಲಿಲ್ಲ. ಬಿಸಿಲು ಇಳಿಯತೊಡಗಿತು.

ಗೋಪಮ್ಮ ಮರದ ನೆರಳು ಬಿಟ್ಟು ನಡೆದು ಬಂದು ಅಪ್ಪನಿಗೂ ಮಾವನಿಗೂ ನಡುವೆ ನಿಂತಳು. ತಲೆಯ ಮೇಲಿನ ಸೆರಗು ಸರಿಮಾಡಿಕೊಂಡು ಎರಡೂ ಕೈ ಚಾಚಿದಳು, ಎಡಗೈ ಅಪ್ಪನ ಕಡೆ, ಬಲಗೈ ಮಾವನ ಕಡೆ. ಒಬ್ಬರ ಮುಖವನ್ನೂ ನೋಡಲಿಲ್ಲ. ಚಾಚಿದ ಕೈ ನೋಯುವವರೆಗೂ ಹಾಗೇ ನಿಂತಳು. ಎರಡು ಬೋಲ್ಟುಗಳು ಅವಳ ಎರಡು ಅಂಗೈ ಮೇಲೆ ಒಟ್ಟಿಗೇ ಬಿದ್ದವು.

ದಸ್ತಗೀರ್ ಮುಂದೆ ಬಂದ. ಅವಳು ಕೊಡಲಿಲ್ಲ. ಕಟ್ಟೆಯ ಮೇಲೆ ಮಲಗಿಸಿದ್ದ ಮಾವನ ಬಂದೂಕಿನ ಹತ್ತಿರ ಹೋಗಿ, ಅಪ್ಪ ಕೊಟ್ಟ ಬೋಲ್ಟನ್ನು ಅದರ ಹಿಂಬದಿಯ ಸಂದಿಗೆ ಹಿಡಿದು ಮುಂದಕ್ಕೆ ಸರಿಸಿ, ಹಿಡಿಕೆಯನ್ನು ಕೆಳಗೆ ಒತ್ತಿದಳು. ಬೆಣ್ಣೆಯಲ್ಲಿ ಹೋದಂತೆ ಹೋಗಿ ಖಟ್ ಎಂದು ಕೂತಿತು. ಇನ್ನೊಂದನ್ನು ಅಪ್ಪನ ಬಂದೂಕಿಗೆ ಹಾಕಿದಳು. ಅದೂ ಖಟ್ ಎಂದಿತು. ಆ ಎರಡು ಸದ್ದಿಗೆ ಮೂಕಪ್ಪ ಕಟ್ಟೆ ಹತ್ತಿದ್ದು ಅವನಿಗೇ ಗೊತ್ತಾಗಲಿಲ್ಲ. ತನ್ನ ಬಂದೂಕಿನ ಬೋಲ್ಟನ್ನು ತೆಗೆದ, ಮುಚ್ಚಿದ, ಮತ್ತೆ ತೆಗೆದ, ಮತ್ತೆ ಮುಚ್ಚಿದ. ಪಕ್ಕದಲ್ಲಿ ಸೂಗಪ್ಪನೂ ಅದನ್ನೇ ಮಾಡುತ್ತಿದ್ದ. ಹೊಸ ಆಟಿಕೆ ಸಿಕ್ಕ ಹುಡುಗರಂತೆ ಇಬ್ಬರೂ ಖಟ್ ಖಟ್ ಅನ್ನಿಸಿದರು.

"ನಿಂದು ಫೌಜಿಂದೇ ಬಿಡೋ," ಎಂದ ಸೂಗಪ್ಪ, ತಲೆ ಎತ್ತದೆ.

"ನಿಂದೇನು ಬಜಾರಿಂದಾ?" ಎಂದ ಮೂಕಪ್ಪ.

ಅವರು ಇನ್ನೂ ಏನಾದರೂ ಅನ್ನುವ ಮೊದಲೇ ಅವ್ವ ಹೊರಗೆ ಓಡಿ ಬಂದು ಗೋಪಮ್ಮನ ರಟ್ಟೆ ಹಿಡಿದಳು. ಆಣೆ ತೀರಿತ್ತು. ಗೋಪಮ್ಮ ಬಲಗಾಲಿಟ್ಟು ಹೊಸ್ತಿಲು ದಾಟಿ ಒಳಗೆ ಹೋದಳು. ನೀರು ಕೊಟ್ಟರು, ಅವಳು ಗೋಡೆಗೆ ಒರಗಿ ಕಾಲು ಚಾಚಿ ಕೂತಳು. ಪೆಟ್ಟಿಗೆಯಿಂದ ಹಸಿರು ಕುಬಸದ ಖಣ ಹೊರಬಂತು. ಅವ್ವ ಅದನ್ನು ಯಾವಾಗಲೋ ತಂದು ಇಟ್ಟಿದ್ದಳು.

ಹೊರಗೆ ಮಾತ್ರ ಹೊಸ ಗದ್ದಲ ಎದ್ದಿತು. ಒಂದರ ಹಿಂದೊಂದು ನಂಬರಿನ ಎರಡು ಅಸಲಿ ಬಂದೂಕು, ಎರಡಕ್ಕೂ ಅದರದೇ ಬೋಲ್ಟು, ಎರಡನ್ನೂ ಹೊತ್ತವರ ಮನೆತನ ಗೊತ್ತು. ಇಂಥ ಜೋಡಿ ಹೈದರಾಬಾದಿನ ಯಾವ ಶೋಕಿಯವನ ಹತ್ತಿರವೂ ಇಲ್ಲ, ಜೋಡಿಯಾಗಿ ಇದ್ದರೆ ಇದಕ್ಕೆ ಬೆಲೆ ಕಟ್ಟುವ ಧೈರ್ಯ ತನಗಿಲ್ಲ, ಆದರೆ ಅಗಲಿಸಬಾರದು ಎಂದು ದಸ್ತಗೀರ್ ಹೇಳಿದ್ದೇ ತಪ್ಪಾಯಿತು. ಮಾರುವ ಮಾತನ್ನು ಇಬ್ಬರೂ ಎತ್ತಲಿಲ್ಲ. ಇಡುವುದು ಎಲ್ಲಿ? ದೇವದುರ್ಗ ಎಂದ ಮೂಕಪ್ಪ. ಮಾನ್ವಿ ಎಂದ ಸೂಗಪ್ಪ. ದನಿಗಳು ಮತ್ತೆ ಮೇಲಕ್ಕೇರಿದವು.

ಗೋಪಮ್ಮ ಎದ್ದು ಬಾಗಿಲಿಗೆ ಬಂದಳು. ಒಂದು ಕೈಯಲ್ಲಿ ಕುಬಸದ ಖಣ ಇತ್ತು. ಮದುವೆಯಾದ ಮೇಲೆ ಮಾವನ ಎದುರು ಅವಳು ಆಡಿದ ಮೊದಲ ಮಾತು ಅದು.

"ನಾ ಎಲ್ಲಿರ್ತೀನಿ ಎರಡೂ ಅಲ್ಲಿರ್ಲಿ, ಮಾವಾ. ಬಾಣಂತನ ಮುಗಿಯೋತನಕ ಇಲ್ಲಿ. ನಾ ಬರೋವಾಗ ನನ್ನ ಕೂಡ ದೇವದುರ್ಗಕ್ಕ ಬರ್ತಾವ. ಪಂಚಮಿಗೆ ನಾ ಇಲ್ಲಿಗೆ ಬಂದ್ರ ಅವೂ ಬರ್ತಾವ."

ದಸ್ತಗೀರ್ ಮೊದಲು ನಕ್ಕ, ಬೀಗರ ಬಂದೂಕಿಗೆ ಈಗ ಸರಿಯಾದ ಪಹರೆ ಸಿಕ್ಕಿತು ಎಂದ. ಮೂಕಪ್ಪ ಸೊಸೆಯನ್ನು ಅಂದೇ ಮೊದಲು ನೋಡಿದವನಂತೆ ನೋಡಿದ. ಆಮೇಲೆ ಕೌದಿಯನ್ನು ಮಡಚಿ ಸೂಗಪ್ಪನ ಕೈಗೆ ಕೊಟ್ಟು, ಕೆಳಗೆ ಮಲಗಿಸಬೇಡ, ಗೆದ್ದಲು ಹತ್ತಾವು ಎಂದ. ಸೂಗಪ್ಪ ಗೋಡೆಗೆ ಇನ್ನೊಂದು ಗೂಟ ಹೊಡೆಯಲು ಸುತ್ತಿಗೆ ಹುಡುಕಿದ.

ಊಟ ಮಾಡಿಸದೆ ಬೀಗರನ್ನು ಬಿಡಲಿಲ್ಲ. ವೆಂಕೋಬ ಆಮೇಲೆ ಹೆಂಡತಿಗೆ ಹೇಳಿದ ಪ್ರಕಾರ, ದೇವದುರ್ಗದ ಬಸ್ಸಿನಲ್ಲಿ ಕೂತ ಮೂಕಪ್ಪ ಊರು ಬರುವವರೆಗೂ ಬಾಯಿ ಮುಚ್ಚಲಿಲ್ಲ. ಪಕ್ಕದ ಸೀಟಿನ ಅಪರಿಚಿತನಿಗೆ, ಮುಂದಿನ ಸೀಟಿನವನಿಗೆ, ಕೊನೆಗೆ ಕಂಡಕ್ಟರನಿಗೆ, ತಮ್ಮ ಬೀಗರ ಮನೆಯಲ್ಲಿ ಫೌಜಿನ ಬಂದೂಕು ಒಂದಲ್ಲ ಎರಡು ಇವೆಯೆಂದೂ, ಅಂಥ ಜೋಡಿ ಹೈದರಾಬಾದಿನಲ್ಲೂ ಇಲ್ಲವೆಂದೂ, ಅವನ್ನು ಸರಿಮಾಡಿದ್ದು ತನ್ನ ಸೊಸೆಯೆಂದೂ ಹೇಳುತ್ತ ಹೋದ.